ಕೆಳಗಿನ ಮೂಲೆಯ ಕಲೆ

ಸಿಂಗಾನಲ್ಲೂರು, ಕೊಯಮತ್ತೂರು
14 ಜೂನ್ 2024

ಅಣ್ಣ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲು ಆಗುವುದಿಲ್ಲ. ಅಲ್ಲದೆ ಅಪ್ಪ ಸ್ಲೇಟು ಹಿಡಿಸಿ ಕಲಿಸಿದ ಕನ್ನಡ ಅಕ್ಷರ ಈಗ ನಮ್ಮಿಬ್ಬರನ್ನು ಬಿಟ್ಟರೆ ನಮ್ಮ ಮನೆತನದಲ್ಲಿ ಯಾರಿಗೂ ಬಾರದು. ಈ ಕಾಗದ ನಿನ್ನ ಪ್ರಿಂಟಿಂಗ್ ಯೂನಿಟ್ಟಿನ ಮೇಜಿನ ಮೇಲೆ ದಿನವಿಡೀ ಬಿದ್ದಿದ್ದರೂ ಯಾರೂ ಓದಲಾರರು.

ವಿಷಯ ಇಷ್ಟು. ಕಳೆದ ಶನಿವಾರ ಬ್ರಷ್ ಕೊಳ್ಳಲು ಒಪ್ಪಣಕ್ಕಾರ ಬೀದಿಗೆ ಹೋಗಿದ್ದೆ. ಎಕ್ಸ್‌ಪೋರ್ಟಿಗೆ ಹೋಗಿ ಮಿಕ್ಕ ಬನಿಯನ್ನುಗಳನ್ನು ಫುಟ್‌ಪಾತಿನಲ್ಲಿ ರಾಶಿ ಹಾಕಿ ಮಾರುತ್ತಾರಲ್ಲ, ಅಲ್ಲಿ ಒಂದು ಟಿ-ಶರ್ಟನ್ನು ಹ್ಯಾಂಗರಿಗೆ ಸಿಕ್ಕಿಸಿ ಕಂಬಕ್ಕೆ ತೂಗುಹಾಕಿದ್ದರು. ಅದರ ಎದೆಯ ಮೇಲೆ ಅವ್ವ ಇದ್ದಳು.

ನಾನು ಮಿಲ್ಲಿನ ಗೋಡೆಯ ಮೇಲೆ ಬರೆದ ಅವ್ವ. ಅವಳು ಇಪ್ಪತ್ತೆರಡು ವರ್ಷ ನೂಲು ಸುತ್ತುವ ರೀಲಿಂಗ್ ಕೆಲಸ ಮಾಡಿದ ಮಿಲ್ಲಿನ ಕಾಂಪೌಂಡಿನ ಮೇಲೆ, ಅವಳು ಹೋದ ಐದನೆಯ ತಿಂಗಳು ಹತ್ತೊಂಬತ್ತು ದಿನ ಏಣಿ ಹತ್ತಿ ಇಳಿದು ಬರೆದೆನಲ್ಲ, ಅದೇ ಚಿತ್ರ. ಯಾರೋ ಕೂಗಿದ ಹಾಗೆ ತಲೆ ತಿರುಗಿಸಿ ನೋಡುತ್ತಿರುವ ಅದೇ ಮುಖ. ಗಿಳಿಹಸಿರು ಸೀರೆಗೆ ಗುಲಾಬಿ ಬಣ್ಣ ಬಳಿದಿದ್ದಾರೆ. ರೀಲಿಂಗ್ ಮೆಷಿನ್ನನ್ನು ಕತ್ತರಿಸಿದ್ದಾರೆ. ಅವ್ವನ ಎಡಗೈಯ ತೋರುಬೆರಳು ಮೆಷಿನ್ನಿಗೆ ಸಿಕ್ಕಿ ಸೊಟ್ಟಗಾಗಿತ್ತಲ್ಲ, ಅದು ಮಾತ್ರ ಹಾಗೆಯೇ ಇದೆ. ಅದನ್ನು ತಿದ್ದಬೇಕೆಂದು ಯಾರಿಗೂ ಅನ್ನಿಸಿಲ್ಲ. ಗೋಡೆಯ ಕೆಳಗಿನ ಎಡಮೂಲೆಯಲ್ಲಿ ಕನ್ನಡದಲ್ಲಿ ‘ಇಂ’ ಎಂದು ನನ್ನ ಸಹಿ ಹಾಕಿದ್ದೆ. ಟಿ-ಶರ್ಟಿನಲ್ಲಿ ಅದಿಲ್ಲ.

ಇದೇ ಚಿತ್ರಕ್ಕಾಗಿ ನಾವು ಮಾತು ಬಿಟ್ಟದ್ದು. “ಅವ್ವನ್ನ ಬೀದಿಗೆ ತಂದು ನಿಲ್ಸಿಬುಟ್ಯಲ್ಲ, ನಾಯಿ ಕಾಲೆತ್ತೋ ಗೋಡೆ ಮೇಲೆ” ಎಂದು ನೀನು ಕೂಗಿದೆ. “ಬಂದು ನೋಡಿ ಆಮೇಲೆ ಮಾತಾಡು” ಎಂದು ನಾನು ಕೂಗಿದೆ. ನೀನು ಬಂದು ನೋಡಲಿಲ್ಲ. ಅದನ್ನು ಈಗ ಕೆದಕುವುದಿಲ್ಲ.

ಪ್ರಿಂಟು ನೋಡಿದರೆ ತಿರುಪ್ಪೂರಿನಲ್ಲಿ ಯಾರ ಯೂನಿಟ್ಟಿನದು ಎಂದು ಹೇಳಬಲ್ಲೆ ಎಂದು ನೀನು ಹಿಂದೆ ಜಂಬ ಕೊಚ್ಚುತ್ತಿದ್ದೆ. ಟಿ-ಶರ್ಟಿನ ಫೋಟೊ ಇಟ್ಟಿದ್ದೇನೆ. ಇದನ್ನು ಯಾರು ಹಾಕಿದರು ಎಂದು ವಿಚಾರಿಸಿ ತಿಳಿಸು. ಇಷ್ಟೇ ಕೇಳುವುದು.

ಅತ್ತಿಗೆಗೂ ಮಗಳಿಗೂ ನನ್ನ ನೆನಪು ಹೇಳು.

ಇಂದುಜಾ


ತಿರುಪ್ಪೂರು
3 ಜುಲೈ 2024

ಇಂದು,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಕನ್ನಡ ಬರೆದು ಹತ್ತು ವರ್ಷವಾಗಿತ್ತು. ಒತ್ತಕ್ಷರ ಬರೆಯುವಾಗ ಕೈ ನಿಲ್ಲುತ್ತದೆ. ತಪ್ಪಿದ್ದರೆ ನಗಬೇಡ.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಿನ್ನ ಅತ್ತಿಗೆ ನಿತ್ಯಾಳಿಗೆ ಬೆನ್ನುನೋವು ಇದೆ. ಮಗಳು ಒಂಬತ್ತನೆಯ ಕ್ಲಾಸಿಗೆ ಬಂದಳು. ಯೂನಿಟ್ಟಿನಲ್ಲಿ ಕೆಲಸವಿದೆ, ಜನ ಸಿಗುವುದಿಲ್ಲ.

ನೀನು ಕೇಳಿದ ವಿಷಯ. ತಿರುಪ್ಪೂರಿನಲ್ಲಿ ಒಂದೊಂದು ಗಲ್ಲಿಗೆ ನಾಲ್ಕು ಪ್ರಿಂಟಿಂಗ್ ಯೂನಿಟ್ಟುಗಳಿವೆ. ಫೋಟೊ ನೋಡಿ ಯಾರದೆಂದು ಹೇಳುವುದು ಕಷ್ಟ. ಹಿಂದೆ ಏನೋ ಬಾಯಿಗೆ ಬಂದದ್ದು ಹೇಳಿರಬೇಕು.

ನನ್ನ ಮಾತು ಕೇಳುವುದಾದರೆ ಇದನ್ನು ಇಲ್ಲಿಗೆ ಬಿಡು. ನೀನು ಆ ಗೋಡೆಗೆ ಯಾರ ಅನುಮತಿ ತೆಗೆದುಕೊಂಡಿದ್ದೆ? ವಾಚ್‌ಮನ್ನನ್ನು ಕೇಳಿ ಬರೆದೆ ಎಂದು ನೀನೇ ಹೇಳಿದ್ದೆ. ವಾಚ್‌ಮನ್ನನಿಗೆ ಗೋಡೆ ಬಿಟ್ಟುಕೊಡುವ ಅಧಿಕಾರ ಉಂಟೇ? ನನ್ನದು ಎಂದು ನೀನು ಮುಂದೆ ಹೋದರೆ, ಹೌದಾ ತಾಯಿ, ಹಾಗಾದರೆ ಗೋಡೆ ಕೆಡಿಸಿದವಳೂ ನೀನೇ ಎಂದು ನಿನ್ನ ಮೇಲೇ ಕೇಸು ಹಾಕುತ್ತಾರೆ. ಬೀದಿಯಲ್ಲಿ ಬರೆದದ್ದನ್ನು ಬೀದಿಯಲ್ಲಿ ಹೋಗುವವರು ಫೋಟೊ ತೆಗೆಯುತ್ತಾರೆ. ಒಬ್ಬ ಸ್ಟೇಟಸ್ಸಿಗೆ ಹಾಕುತ್ತಾನೆ, ಒಬ್ಬ ಬನಿಯನ್ನಿಗೆ ಹಾಕುತ್ತಾನೆ. ಅವರನ್ನೆಲ್ಲ ಹಿಡಿಯಲು ಆಗುತ್ತದೆಯೇ?

ಅವ್ವನ ಮುಖವನ್ನು ಇಟ್ಟುಕೊಂಡು ಕೋರ್ಟು ಕಚೇರಿ ಬೇಡ.

ಭಾನುವಾರ ಬಿಡುವಿದ್ದರೆ ಬಂದು ಹೋಗು ಎಂದು ನಿತ್ಯಾ ಹೇಳಿದಳು.

ದಿವಾಕರ್


ಸಿಂಗಾನಲ್ಲೂರು
28 ಜುಲೈ 2024

ಅಣ್ಣ,

ನೀನು ವಿಚಾರಿಸಲಿಲ್ಲ, ನಾನೇ ವಿಚಾರಿಸಿದೆ. ಫುಟ್‌ಪಾತಿನ ಅಂಗಡಿಯವನು ಮಾಲು ತರುವ ಜಾಗ ಹೇಳಿದ. ಅಲ್ಲಿಂದ ಅವಿನಾಶಿ ರಸ್ತೆಯ ಎಕ್ಸ್‌ಪೋರ್ಟ್ ಕಂಪನಿಯ ಹೆಸರು ಸಿಕ್ಕಿತು. ಬಸ್ಸು ಹತ್ತಿ ಹೋದೆ. ಗೇಟಿನಲ್ಲಿ ಒಂದೂವರೆ ಗಂಟೆ ಕೂರಿಸಿದ ಮೇಲೆ ಸೆಂದಿಲ್‌ಕುಮಾರ್ ಎಂಬ ಮರ್ಚಂಡೈಸರ್ ಬಂದ. ಬೈಯರಿಗೂ ಕಂಪನಿಗೂ ನಡುವೆ ಓಡಾಡುವವನು. ಮರ್ಯಾದೆಯಿಂದಲೇ ಮಾತಾಡಿದ, ಟೀ ತರಿಸಿದ. ಟಿ-ಶರ್ಟನ್ನೂ ಗೋಡೆಯ ಫೋಟೊವನ್ನೂ ಪಕ್ಕ ಪಕ್ಕ ಇಟ್ಟೆ.

“ನಮ್ಮ ಡಿಸೈನರ್ ಕಲ್ಪನೆಯಿಂದ ಮಾಡಿದ್ದು, ಮ್ಯಾಡಮ್. ಹಳ್ಳಿ ಹೆಂಗಸರೆಲ್ಲ ಒಂದೇ ಥರ ಇರುತ್ತಾರಲ್ಲವಾ” ಎಂದ.

“ಆ ಬೆರಳು ಕೂಡ ಕಲ್ಪನೆಯಾ?” ಎಂದೆ.

ಅವನು ಬೆರಳನ್ನು ನೋಡಿದ. ಟಿ-ಶರ್ಟನ್ನು ಮಡಿಸಿ ನನ್ನ ಕಡೆ ತಳ್ಳಿ, “ಸುವರು ಎಲ್ಲಾರುಕ್ಕುಂ ಪೊದು, ಮ್ಯಾಡಮ್” ಎಂದ. ಗೋಡೆ ಎಲ್ಲರಿಗೂ ಸೇರಿದ್ದಂತೆ. ನೀನು ಬರೆದದ್ದೂ ಅದೇ ಮಾತು. ಇಬ್ಬರೂ ಒಂದೇ ಊರಿನ ಗಾಳಿ ಕುಡಿದವರು ಎಂದುಕೊಂಡೆ.

ಅಲ್ಲಿಂದ ಬಂದವಳು ಇಲಕ್ಕಿಯಾ ಎಂಬ ವಕೀಲರನ್ನು ಕಂಡೆ. ನನಗಿಂತ ಚಿಕ್ಕವರು. ಅವರು ತಮಿಳಿನಲ್ಲಿ ಹೇಳಿದ್ದನ್ನು ನಿನಗೆ ಕನ್ನಡದಲ್ಲಿ ಬರೆಯುತ್ತೇನೆ. ಚಿತ್ರ ಬರೆದ ಕ್ಷಣಕ್ಕೇ ಅದರ ಹಕ್ಕು ಬರೆದವರಿಗೆ ಬರುತ್ತದೆಯಂತೆ. ಎಲ್ಲೂ ರಿಜಿಸ್ಟರ್ ಮಾಡಿಸಲೇಬೇಕೆಂದಿಲ್ಲ. ಗೋಡೆ ಮಿಲ್ಲಿನವರದು, ಚಿತ್ರ ನನ್ನದು, ಎರಡೂ ಬೇರೆ ಬೇರೆ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪದಂಥವುಗಳ ಫೋಟೊ ತೆಗೆದು ಬಳಸಬಹುದು ಎಂದು ಕಾನೂನಿನಲ್ಲಿ ಒಂದು ವಿನಾಯಿತಿ ಇದೆ. ಗೋಡೆಯ ಮೇಲಿನ ಚಿತ್ರ ಅದರೊಳಗೆ ಬರುವುದಿಲ್ಲ ಎಂದು ಅವರು ವಾದಿಸುತ್ತಾರಂತೆ, ಬರುತ್ತದೆ ಎಂದು ಆ ಕಡೆಯವರು ವಾದಿಸಬಹುದಂತೆ. ಹೆಸರಿನ ಹಕ್ಕು ಮತ್ತೂ ಬೇರೆ. ನಾನು ಚಿತ್ರವನ್ನು ಮಾರಿದ್ದರೂ, ಬರೆದವಳು ನಾನು ಎಂದು ಹೇಳಿಕೊಳ್ಳುವ ಹಕ್ಕು ನನ್ನನ್ನು ಬಿಟ್ಟು ಹೋಗುವುದಿಲ್ಲವಂತೆ.

ಇದನ್ನು ಕೇಳಿದಾಗ ನನಗೆ ಯಾಕೋ ಅಳು ಬಂತು. ಹನ್ನೊಂದು ವರ್ಷದಿಂದ ಗೋಡೆ ಬರೆಯುತ್ತಿದ್ದೇನೆ, ಇಂಥದ್ದೊಂದು ನನಗಿದೆ ಎಂದು ಯಾರೂ ಹೇಳಿರಲಿಲ್ಲ.

ಆಮೇಲೆ ಇಲಕ್ಕಿಯಾ ಎರಡು ತೊಡಕು ಹೇಳಿದರು. ಒಂದು, ನೀನು ಹೇಳಿದ್ದೇ: ಅನುಮತಿ ಇಲ್ಲದೆ ಗೋಡೆ ಬರೆಯುವುದು ಇಲ್ಲಿ ಅಪರಾಧ. ಮಿಲ್ಲಿನವರು ಒಂದು ಕಾಗದ ಕೊಟ್ಟರೆ ಆ ಬಾಗಿಲು ಮುಚ್ಚುತ್ತದೆ. ಮ್ಯಾನೇಜರ್ ಕುಮರೇಶನ್ ಅವರ ಆಫೀಸಿಗೆ ಮೂರು ಸಲ ಹೋದೆ, ಸಿಗಲಿಲ್ಲ. ಎರಡು, ಕಂಪನಿಯವರು ನನ್ನ ಗೋಡೆಯ ಫೋಟೊವನ್ನೇ ಇಟ್ಟುಕೊಂಡು ನಕಲು ಮಾಡಿದರು ಎನ್ನುವುದಕ್ಕೆ ಸಾಕ್ಷಿ. “ಪ್ರಿಂಟು ಹಾಕಿದವರ ಹತ್ತಿರ ಮೂಲ ಫೈಲ್ ಇರುತ್ತೆ. ಆದರೆ ಅವರು ಕೊಡಲ್ಲ. ಕೊಟ್ಟರೆ ಆ ಕಂಪನಿ ಮತ್ತೆ ಅವರಿಗೆ ಕೆಲಸ ಕೊಡಲ್ಲ” ಎಂದರು.

ಪ್ರಿಂಟು ಹಾಕಿದವರು ಯಾರೆಂದು ಸೆಂದಿಲ್‌ಕುಮಾರ್ ಹೇಳಲಿಲ್ಲ. ನಿನಗೆ ನಾಲ್ಕು ಜನರ ಪರಿಚಯವಿದೆ. ಇನ್ನೊಂದು ಸಲ ಕೇಳುತ್ತಿದ್ದೇನೆ, ಅಣ್ಣ.

ಇಂದುಜಾ


ತಿರುಪ್ಪೂರು
19 ಆಗಸ್ಟ್ 2024

ಇಂದು,

ಹಿಂದಿನ ಕಾಗದದಲ್ಲಿ ನಾನು ಸುಳ್ಳು ಬರೆದೆ. ಆ ಪ್ರಿಂಟು ಹಾಕಿದ್ದು ನನ್ನ ಯೂನಿಟ್ಟಿನಲ್ಲಿ. ಹಾಕಿದವನು ನಾನು.

ನಿನ್ನ ಎರಡನೆಯ ಕಾಗದವನ್ನು ಇಪ್ಪತ್ತು ದಿನದಿಂದ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಇದೇನು ಕಾಗದ ಎಂದು ನಿತ್ಯಾ ಕೇಳಿದಳು. ಓದಲು ಅವಳಿಗೆ ಬರುವುದಿಲ್ಲವಲ್ಲ, ಏನೋ ಒಂದು ಹೇಳಿದೆ. ಹಾಗೆ ಹೇಳಿದ ಮೇಲೆ ಅವಳ ಮುಖ ನೋಡಲು ಆಗಲಿಲ್ಲ. ನಿನ್ನೆ ಎಲ್ಲವನ್ನೂ ಹೇಳಿಬಿಟ್ಟೆ. “ಮೊದಲು ಅವಳಿಗೆ ಬರೆಯಿರಿ” ಎಂದಳು.

ಫೆಬ್ರವರಿಯಲ್ಲಿ ಸೆಂದಿಲ್‌ಕುಮಾರ್ ಡಿಸೈನನ್ನು ವಾಟ್ಸಾಪಿನಲ್ಲಿ ಕಳಿಸಿದ. ಆರು ಸಾವಿರ ಪೀಸು, ಹನ್ನೆರಡು ದಿನ. ಅಷ್ಟು ಚಿಕ್ಕ ಪರದೆಯಲ್ಲಿ ಯಾರೋ ಹೆಂಗಸು ಎಂದಷ್ಟೇ ಕಂಡದ್ದು. ನಿನ್ನ ಗೋಡೆಯನ್ನು ನಾನು ನೋಡಿರಲಿಲ್ಲ. ಐದು ಬಣ್ಣಕ್ಕೆ ಐದು ಫಿಲ್ಮು ತೆಗೆಸಿ ತಂದೆ. ಆ ಫಿಲ್ಮಿನಿಂದಲೇ ಬಟ್ಟೆಗೆ ಬಣ್ಣ ಒತ್ತುವ ಸ್ಕ್ರೀನು ಮಾಡುವುದು, ನಿನಗೆ ಗೊತ್ತಿದೆ. ಕಪ್ಪು ಬಣ್ಣದ ಫಿಲ್ಮನ್ನು ಲೈಟ್ ಟೇಬಲ್ಲಿನ ಮೇಲೆ ಹರಡಿದಾಗ ಮೊದಲು ಕಂಡದ್ದು ಬೆರಳು. ಆ ಬೆರಳಿನಲ್ಲಿ ಎಷ್ಟು ಸಲ ನನ್ನ ತಲೆಗೆ ಎಣ್ಣೆ ಹಚ್ಚಿದ್ದಾಳೆ. ಸೊಟ್ಟ ಬೆರಳು ಕಿವಿಯ ಹಿಂದೆ ಬೇರೆ ಥರ ತಾಗುತ್ತಿತ್ತು. ಕೆಳಗಿನ ಮೂಲೆ ನೋಡಿದೆ. ‘ಇಂ’ ಎಂದು ಇತ್ತು. ಅಪ್ಪ ಕಲಿಸಿದ ಹಾಗೆಯೇ ನೀನು ಸೊನ್ನೆಯನ್ನು ದೊಡ್ಡದಾಗಿ ಬರೆದಿದ್ದೆ.

ಸೆಂದಿಲ್‌ಕುಮಾರ್ ಪಕ್ಕದಲ್ಲೇ ನಿಂತಿದ್ದ. “ಅಣ್ಣಾ, ಕೀಳೆ ಏದೋ ಕರೈ ಇರುಕ್ಕು, ಎಡುತ್ತುಡುಂಗ” ಎಂದ. ಕೆಳಗೆ ಏನೋ ಕಲೆ ಇದೆ, ತೆಗೆದುಬಿಡಿ ಎಂದು. ಅವನಿಗೆ ಅದು ಅಕ್ಷರವೆಂದೇ ಗೊತ್ತಾಗಲಿಲ್ಲ. ಆ ಕೋಣೆಯಲ್ಲಿದ್ದ ಏಳು ಜನರಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಬ್ಲೇಡು ತೆಗೆದುಕೊಂಡು ಕೆರೆದೆ. ಎರಡು ನಿಮಿಷದ ಕೆಲಸ.

ಬೈಯರಿನ ಅವಸರ, ಕೆಲಸದವರ ಸಂಬಳ, ಎಲ್ಲವೂ ಇತ್ತು. ಅದನ್ನೇ ಕಾರಣ ಎಂದು ಬರೆದುಬಿಡಬಹುದು. ಆದರೆ ಕೆರೆಯುವಾಗ ನನ್ನೊಳಗೆ ಒಂದು ಥರದ ಸಮಾಧಾನವೂ ಆಯಿತು. ಅವ್ವನನ್ನು ಕೇಳದೆ, ನನ್ನನ್ನು ಕೇಳದೆ ಬೀದಿಗೆ ತಂದಳಲ್ಲ, ಈಗ ಗೊತ್ತಾಗಲಿ ಎಂದು. ಇದನ್ನು ನಿತ್ಯಾಳಿಗೂ ಹೇಳಿಲ್ಲ, ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಆಮೇಲೆ ಹನ್ನೆರಡು ದಿನ ನಡೆದದ್ದು ಬೇರೆ. ಬೆಳಗ್ಗೆ ಯೂನಿಟ್ಟಿಗೆ ಬಂದರೆ ಟೇಬಲ್ಲಿನ ಉದ್ದಕ್ಕೂ ಅವ್ವ, ಒಣಗಲು ಹಾಕಿದ ಕಡೆಯೆಲ್ಲ ಅವ್ವ. ಒಂದೊಂದು ಮುಖವೂ ನಾನು ಬಂದದ್ದನ್ನು ನೋಡಿದ ಹಾಗೆ ತಿರುಗಿರುತ್ತಿತ್ತು. ನಾನು ಆ ಕಡೆ ಹೋಗದೆ ಆಫೀಸು ಕೋಣೆಯಲ್ಲೇ ಕೂರುತ್ತಿದ್ದೆ. ಬೀದಿಯ ಗೋಡೆ ಮೇಲೆ ಒಬ್ಬಳು ಅವ್ವ ಇರುವುದಕ್ಕೆ ನಿನ್ನನ್ನು ಬೈದ ನಾನೇ ಆರು ಸಾವಿರ ಅವ್ವನನ್ನು ಪೆಟ್ಟಿಗೆಗೆ ತುಂಬಿ ಕಳಿಸಿದೆ.

ಏನು ಮಾಡಬೇಕೆಂದು ನೀನು ಹೇಳು.

ದಿವಾಕರ್


ಸಿಂಗಾನಲ್ಲೂರು
5 ನವೆಂಬರ್ 2024

ಅಣ್ಣ,

ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಅದನ್ನೂ ನನ್ನ ತಲೆಗೇ ಹಾಕಬೇಡ.

ಎರಡೂವರೆ ತಿಂಗಳಲ್ಲಿ ನಾಲ್ಕು ಸಲ ಉತ್ತರ ಬರೆದು ಹರಿದೆ. ದೀಪಾವಳಿಗೆ ಅತ್ತಿಗೆ ಫೋನು ಮಾಡಿದರು. ಬರುವುದಿಲ್ಲ ಎಂದೆ. ಯಾಕೆಂದು ಅವರು ಕೇಳಲಿಲ್ಲ. ಅವರು ಕೇಳದೆ ಇದ್ದದ್ದಕ್ಕೆ ನನಗೆ ಇನ್ನೂ ಬೇಜಾರಾಯಿತು.

ಯಾರೋ ಗೊತ್ತಿಲ್ಲದವನು ನನ್ನ ಹೆಸರು ತೆಗೆದಿದ್ದರೆ ಕಳ್ಳ ಎಂದು ಬೈದು ಸುಮ್ಮನಾಗುತ್ತಿದ್ದೆ. ನೀನು ಓದಿ ತೆಗೆದೆ. ಕಾಲೇಜಿನಿಂದ ಬಂದ ಮೇಲೆ ಮೂರು ವರ್ಷ ನಿನ್ನ ಯೂನಿಟ್ಟಿನಲ್ಲಿ ಕೂತು ನಾನು ಬರೆದುಕೊಟ್ಟ ಡಿಸೈನುಗಳೆಲ್ಲ ‘ದಿವಾಕರ್ ಯೂನಿಟ್ ಡಿಸೈನ್’ ಎಂದೇ ಹೋಗುತ್ತಿದ್ದವು. ಆಗ ನನಗೆ ಏನೂ ಅನ್ನಿಸಿರಲಿಲ್ಲ ಎಂದು ನೀನು ತಿಳಿದಿದ್ದೀಯ. ಅನ್ನಿಸಿತ್ತು. ಗೋಡೆ ಬರೆಯಲು ಹೋದದ್ದೇ ಅದಕ್ಕೆ.

ವಕೀಲರಿಗೆ ನಿನ್ನ ವಿಷಯ ಹೇಳಿಲ್ಲ. ಸಾಕ್ಷಿ ಸಿಗಲಿಲ್ಲ ಎಂದಿದ್ದೇನೆ. ನೀನು ಕೊಟ್ಟರೆ ಆ ಕಂಪನಿಯ ಕೆಲಸ ನಿಲ್ಲುತ್ತದೆ ಎಂದು ನನಗೂ ಗೊತ್ತು. ನಿನ್ನ ಹತ್ತಿರ ಹನ್ನೊಂದು ಜನ ಕೆಲಸ ಮಾಡುತ್ತಾರೆ. ಆದ್ದರಿಂದ ಕೇಳುವುದಿಲ್ಲ.

ಇನ್ನೊಂದು ಸುದ್ದಿ. ಮಿಲ್ಲಿನ ಜಾಗ ಮಾರಾಟವಾಗಿದೆ. ಹೊಸ ವರ್ಷ ಬಂದ ಮೇಲೆ ಕಾಂಪೌಂಡು ಕೆಡವುತ್ತಾರಂತೆ. ನೋಡುವ ಮನಸ್ಸಿದ್ದರೆ ಅಷ್ಟರೊಳಗೆ ನೋಡು. ನನಗಾಗಿ ಬೇಡ.

ಇಂದುಜಾ


ತಿರುಪ್ಪೂರು
26 ನವೆಂಬರ್ 2024

ಇಂದು,

ಕಳೆದ ವಾರ ಸೋಮವಾರ ನಾನೂ ನಿತ್ಯಾಳೂ ಸಿಂಗಾನಲ್ಲೂರಿಗೆ ಬಂದಿದ್ದೆವು. ನಿನಗೆ ಹೇಳಲಿಲ್ಲ. ನಿನ್ನ ಎದುರಿನಲ್ಲಿ ಅದನ್ನು ಮೊದಲ ಸಲ ನೋಡುವ ಧೈರ್ಯ ನನಗಿರಲಿಲ್ಲ.

ಬಸ್ಸಿಳಿದು ಮೂಲೆ ತಿರುಗಿದರೆ ಎದುರಿಗೇ ಇದ್ದಾಳೆ. ಇಷ್ಟು ದೊಡ್ಡದು ಎಂದು ನಾನು ಎಣಿಸಿರಲಿಲ್ಲ. ಪ್ರಿಂಟಿನಲ್ಲಿ ಕತ್ತರಿಸಿ ಹಾಕಿದ್ದ ರೀಲಿಂಗ್ ಮೆಷಿನ್ನು ಪೂರ್ತಿ ಇದೆ. ಅವಳ ಕಾಲ ಹತ್ತಿರ ಊಟ ಒಯ್ಯುತ್ತಿದ್ದ ತೂಕುಚಟ್ಟಿ ಬರೆದಿದ್ದೀಯ, ಮೂರು ಡಬ್ಬಿಯ ಅಡುಕಿನದು. ಮಧ್ಯದ ಡಬ್ಬಿ ನೆಗ್ಗಿದೆ. ಅದನ್ನು ನೆಗ್ಗಿಸಿದ್ದು ನಾನೇ, ಸೈಕಲ್ಲಿನಿಂದ ಬೀಳಿಸಿ. ನಿತ್ಯಾ ಸೆರಗಿನಿಂದ ಮುಖ ಒರೆಸಿಕೊಂಡಳು. “ಅತ್ತೆ ಯಾರ್ ಮೇಲೋ ಕೋಪ ಮಾಡ್ಕೊಂಡು, ಆಮೇಲೆ ಮರ್ತ್‌ಬುಟ್ಟ ಹಂಗವ್ರೆ” ಎಂದಳು. ನಿಜ. ಅವ್ವ ಹಾಗೆಯೇ ನೋಡುತ್ತಿದ್ದಳು.

ವಾಚ್‌ಮನ್ ಪಳನಿಸಾಮಿ ಬಂದು ಯಾರೆಂದು ಕೇಳಿದ. ಮಗ ಎಂದೆ. ಅವನು ಒಳಗೆ ಹೋಗಿ ತನ್ನ ಕುರ್ಚಿ ತಂದು ಗೋಡೆಗೆದುರಾಗಿ ಹಾಕಿ ನಿತ್ಯಾಳನ್ನು ಕೂರಿಸಿದ. ಮೊದಲು ಆ ಗೋಡೆಗೆ ಜನ ಉಚ್ಚೆ ಹೊಯ್ಯುತ್ತಿದ್ದರಂತೆ, ಸಿನಿಮಾ ಪೋಸ್ಟರು ಅಂಟಿಸುತ್ತಿದ್ದರಂತೆ. ಚಿತ್ರ ಬಂದ ಮೇಲೆ ಎರಡೂ ನಿಂತವಂತೆ. ಹಳೆಯ ರೀಲಿಂಗ್ ಹೆಂಗಸರು ಆ ದಾರಿಯಲ್ಲಿ ಹೋಗುವಾಗ ನಿಂತು ಅವಳ ಹತ್ತಿರ ಎರಡು ಮಾತಾಡಿ ಹೋಗುತ್ತಾರಂತೆ. ಸಾಮಿಯಾತಾಳ್ ಎಂಬ ಅಜ್ಜಿ, ಅವ್ವನ ಪಕ್ಕದ ಮೆಷಿನ್ನಿನವರು, ವಾರಕ್ಕೊಮ್ಮೆಯಾದರೂ ಬರುತ್ತಾರಂತೆ.

ನಾನು ನಿನಗೆ ಹೇಳಿದ್ದ ಮಾತು ನೆನಪಾಯಿತು. ಅಲ್ಲೇ ಕಟ್ಟೆಯ ಮೇಲೆ ಕುಳಿತೆ.

ಮ್ಯಾನೇಜರ್ ಕುಮರೇಶನ್ ಅವರನ್ನು ಪಳನಿಸಾಮಿಯೇ ಕಾಣಿಸಿದ. ಅವರು ನಿನ್ನನ್ನು ತಪ್ಪಿಸಿಕೊಂಡು ತಿರುಗುತ್ತಿದ್ದದ್ದು ಜಾಗದ ಮಾರಾಟಕ್ಕೆ ತೊಂದರೆಯಾದೀತು ಎಂಬ ಭಯಕ್ಕೆ. “ಗೋಡೆ ಕೆಡವಬೇಡಿ ಎಂದು ನಾವು ಕೇಳಲು ಬಂದಿಲ್ಲ” ಎಂದು ಹೇಳಿದ ಮೇಲೆ ಮನುಷ್ಯ ಸಡಿಲವಾದರು. “ಬರೆಯುವಾಗ ಹತ್ತೊಂಬತ್ತು ದಿನವೂ ನನ್ನ ಕಿಟಕಿಯಿಂದ ನೋಡಿದ್ದೇನೆ. ಬೇಡ ಎನ್ನಬೇಕಿದ್ದರೆ ಮೊದಲ ದಿನವೇ ಹೇಳುತ್ತಿದ್ದೆ” ಎಂದರು. ಅದನ್ನೇ ಬರೆದು ಸೀಲು ಹಾಕಿ ಕೊಡಿ ಎಂದೆ. ಕೊಟ್ಟರು.

ಆ ಕಾಗದ ತೆಗೆದುಕೊಂಡು ಮಾರನೆಯ ದಿನ ವಕೀಲರ ಹತ್ತಿರ ನಾನೇ ಹೋದೆ. ಐದು ಫಿಲ್ಮು, ಕೆರೆದ ಗುರುತಿರುವ ಕಪ್ಪು ಫಿಲ್ಮೂ ಸೇರಿ, ಕೊಟ್ಟೆ. ಸೆಂದಿಲ್‌ಕುಮಾರ್ ವಾಟ್ಸಾಪಿನಲ್ಲಿ ಕಳಿಸಿದ ಡಿಸೈನು ನನ್ನ ಫೋನಿನಲ್ಲಿ ಹಾಗೆಯೇ ಇತ್ತು, ತಾರೀಕು ಸಮೇತ, ಮೂಲೆಯಲ್ಲಿ ನಿನ್ನ ಸಹಿ ಸಮೇತ. ಅದನ್ನೂ ಕೊಟ್ಟೆ. ನಡೆದದ್ದನ್ನೆಲ್ಲ ಹೇಳಿ ಕೆಳಗೆ ಸಹಿ ಹಾಕಿದೆ. “ಹೆಸರು ತೆಗೆದದ್ದು ನೀವೇ ಎಂದು ಬರೆಯಬೇಕಾ?” ಎಂದು ಅವರು ಎರಡು ಸಲ ಕೇಳಿದರು. ಬರೆಯಿರಿ ಎಂದೆ.

ಕಂಪನಿಗೆ ನೋಟಿಸು ಹೋಗುವ ಮೊದಲು ನಾನೇ ಹೋಗಿ ಸೆಂದಿಲ್‌ಕುಮಾರನಿಗೆ ಹೇಳಿದೆ. ಬೆನ್ನ ಹಿಂದೆ ಮಾಡುವುದು ಬೇಡವೆನಿಸಿತು. ಅವನು ಕೂಗಾಡಲಿಲ್ಲ. “ಅದು ಒರು ಪೇರಾಣ್ಣಾ?” ಎಂದು ಕೇಳಿದ, ಅದು ಒಂದು ಹೆಸರಾ ಎಂದು. ಹೌದು ಎಂದೆ. ಶುಕ್ರವಾರದಿಂದ ಅವರ ಕೆಲಸ ಬರುತ್ತಿಲ್ಲ.

ದಿವಾಕರ್


ಸಿಂಗಾನಲ್ಲೂರು
1 ಡಿಸೆಂಬರ್ 2024

ಅಣ್ಣ,

ಇಲಕ್ಕಿಯಾ ಅವರು ನೀನು ಸಹಿ ಹಾಕಿದ ಹೇಳಿಕೆಯನ್ನು ನನಗೆ ಓದಿಸಿದರು. ಓದಿದೆ.

ತೂಕುಚಟ್ಟಿ ನೆಗ್ಗಿಸಿದ್ದು ನೀನು ಎಂದು ನನಗೆ ಗೊತ್ತಿರಲಿಲ್ಲ. ಅವ್ವ ತನ್ನ ಕೈಯಿಂದಲೇ ಬಿತ್ತು ಎಂದಿದ್ದಳು.

ಇಂದುಜಾ


ಸಿಂಗಾನಲ್ಲೂರು
22 ಮಾರ್ಚ್ 2025

ಅಣ್ಣ,

ನಿನ್ನೆ ಗೋಡೆ ಕೆಡವುವಾಗ ನೀನು ರಸ್ತೆಯ ಆ ಕಡೆ ಕುಮರೇಶನ್ ಅವರ ಜೊತೆ ನಿಂತಿದ್ದೆ. ನಾನು ಈ ಕಡೆ ಇದ್ದೆ. ಆಮೇಲೆ ಬೇಕರಿಯಲ್ಲಿ ಒಟ್ಟಿಗೆ ಟೀ ಕುಡಿದರೂ ನಾವು ಮಾತಾಡಿದ್ದು ಬಸ್ಸಿನ ಸಮಯ ಮಾತ್ರ. ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಕಂಪನಿಯ ವಿಷಯ. ಕಾಗದ ಪತ್ರ ಎಲ್ಲ ಮೊನ್ನೆ ಮುಗಿಯಿತು. ಫಿಲ್ಮು ನೋಡಿದ ಮೇಲೆ ಅವರು ಕೋರ್ಟಿನವರೆಗೆ ಹೋಗಲಿಲ್ಲ. ಚಿತ್ರ ನನ್ನದು ಎಂದು ಬರೆದುಕೊಟ್ಟಿದ್ದಾರೆ. ಗೋಡೌನಿನಲ್ಲಿ ಮಿಕ್ಕ ಪೀಸುಗಳನ್ನು ಮಾರುವುದಿಲ್ಲ. ವಿದೇಶದ ಬೈಯರಿನ ವೆಬ್‌ಸೈಟಿನಲ್ಲಿ ಆ ಚಿತ್ರದ ಕೆಳಗೆ ಈಗ ನನ್ನ ಹೆಸರಿದೆ, ಇಂದುಜಾ, ಕೊಯಮತ್ತೂರು ಎಂದು. ಚಿತ್ರ ಬಳಸಿದ್ದಕ್ಕೆ ಕೊಟ್ಟ ಹಣದಲ್ಲಿ ಒಂದು ಒಳ್ಳೆಯ ಏಣಿ ಕೊಂಡೆ. ಮಾರಾಟವಾಗಿ ಹೋದ ಪೀಸುಗಳು ಹೋದವು. ಕೋರ್ಟಿಗೆ ಹೋಗಿದ್ದರೆ ಗೆಲ್ಲುತ್ತಿದ್ದೆವೋ ಇಲ್ಲವೋ ಎಂದು ಇಲಕ್ಕಿಯಾ ಅವರಿಗೇ ಗೊತ್ತಿಲ್ಲವಂತೆ. ಬೀದಿಯ ಚಿತ್ರದ ವಿಷಯದಲ್ಲಿ ಗಟ್ಟಿಯಾದ ತೀರ್ಪು ಬರಬೇಕಾದರೆ ಯಾರಾದರೂ ಕೊನೆಯವರೆಗೆ ಹೋಗಬೇಕು ಎಂದರು. ಆ ಯಾರಾದರೂ ನಾನಾಗಲಿಲ್ಲ ಎಂದು ಸ್ವಲ್ಪ ನಾಚಿಕೆಯೂ ಇದೆ.

ಗೋಡೆ ಕೆಡವುವುದನ್ನು ತಡೆಯಲು ನೋಡೋಣವೇ ಎಂದು ಅವರು ಕೇಳಿದ್ದರು. ಬೇಡ ಎಂದೆ. ಕುಮರೇಶನ್ ಅವರಿಗೆ ನೀನು ಕೊಟ್ಟ ಮಾತಿತ್ತು.

ಜೆಸಿಬಿ ಬಂದಾಗ ಒಂಬತ್ತು ಗಂಟೆ. ಬಲಗಡೆಯಿಂದ ಶುರು ಮಾಡಿದರು. ಮೊದಲು ಮೆಷಿನ್ನು ಹೋಯಿತು. ಸಾಮಿಯಾತಾಳ್ ಅಜ್ಜಿ ನನ್ನ ಪಕ್ಕದಲ್ಲಿ ನಿಂತು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಜೆಸಿಬಿಯ ಕೈ ಅವ್ವನ ಭುಜದ ಹತ್ತಿರ ಬಂದಾಗ ನಾನು ಕಣ್ಣು ಮುಚ್ಚಿದೆ. ಆಗ ಅಜ್ಜಿ ಹೇಳಿದ್ದು ಆ ಗಲಾಟೆಯಲ್ಲಿ ನಿನಗೆ ಕೇಳಿಸಿರಲಾರದು. ಪಕ್ಕದ ಮೆಷಿನ್ನಿನವರನ್ನು ಕರೆಯುವ ಹಾಗೆ ಅವ್ವನನ್ನು ಹೆಸರು ಹಿಡಿದು ಕರೆದರು: “ಕಾಳಿಯಮ್ಮಾ, ಷಿಫ್ಟು ಮುಡಿಂಜಿರುಚ್ಚು. ವಾ, ಪೋಲಾಂ.” ಷಿಫ್ಟು ಮುಗಿಯಿತು, ಬಾ, ಹೋಗೋಣ. ಅಷ್ಟು ಹೇಳಿ ನಿಜವಾಗಿಯೂ ನನ್ನನ್ನು ಎಳೆದುಕೊಂಡು ಬಸ್‌ಸ್ಟಾಪಿನ ಕಡೆ ಹೊರಟರು. ಮುಖ ಬೀಳುವುದನ್ನು ನಾನು ನೋಡಲಿಲ್ಲ.

ನೀನು ನೋಡಿದೆ ಎಂದು ಪಳನಿಸಾಮಿ ಹೇಳಿದ. ಕೊನೆಯವರೆಗೂ ನಿಂತಿದ್ದೆ ಎಂದ. ಒಬ್ಬರಾದರೂ ನೋಡಬೇಕಿತ್ತು. ಅದು ನೀನಾದದ್ದು ಒಳ್ಳೆಯದಾಯಿತು.

ನನ್ನ ಕೋಪ ಪೂರ್ತಿ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ಬೆಳಗ್ಗೆ ಏಳುವಾಗಲೇ ಆ ಬ್ಲೇಡು ನೆನಪಾಗುತ್ತದೆ. ಆದರೂ ಮೂವತ್ತನೆಯ ತಾರೀಕು ಭಾನುವಾರ ತಿರುಪ್ಪೂರಿಗೆ ಬರುತ್ತೇನೆ. ಅತ್ತಿಗೆಗೆ ಹೇಳು, ಬೆಳಗಿನ ತಿಂಡಿಗೇ ಬರುತ್ತೇನೆ.

ನಿನ್ನ ತಂಗಿ
ಇಂದು


ತಿರುಪ್ಪೂರು
11 ಏಪ್ರಿಲ್ 2025

ಇಂದು,

ನೀನು ಬಂದು ಹೋದ ಮೇಲೆ ಮನೆಯಲ್ಲಿ ಎರಡು ದಿನ ನಿನ್ನದೇ ಮಾತು. ನೀನಿದ್ದಾಗ ಎಲ್ಲರ ಮುಂದೆ ನಾನು ಹೇಳಲಾಗದ ಒಂದು ವಿಷಯವಿದೆ. ಅವ್ವನ ಜೊತೆ ಒಂದೇ ಮನೆಯಲ್ಲಿ ಕೊನೆಯವರೆಗೆ ಇದ್ದವನು ನಾನು. ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನು. ಆದರೂ ಅವಳ ಮುಖ ಹೇಗಿತ್ತು ಎಂದು ಕಣ್ಣು ಮುಚ್ಚಿ ನೆನೆದರೆ ನನಗೆ ಬರುತ್ತಿದ್ದದ್ದು ಮನೆಯಲ್ಲಿ ಮಾಲೆ ಹಾಕಿಟ್ಟ ಫೋಟೊ ಮಾತ್ರ. ನೀನು ವರ್ಷಕ್ಕೆ ನಾಲ್ಕು ಸಲ ಬಂದು ಹೋಗುತ್ತಿದ್ದವಳು. ಅಷ್ಟರಲ್ಲೇ ಅವಳನ್ನು ಅಷ್ಟು ನೋಡಿದ್ದೀಯ. ನನ್ನ ಸಿಟ್ಟಿನ ಬೇರು ಅಲ್ಲಿತ್ತು ಎಂದು ಈಗ ಅನ್ನಿಸುತ್ತದೆ.

ಕೆಲಸದ ಬಗ್ಗೆ ನೀನು ಕೇಳಿದೆ, ನಾನು ಮಾತು ಮರೆಸಿದೆ. ಎಕ್ಸ್‌ಪೋರ್ಟ್ ಕೆಲಸ ಕಡಿಮೆಯಾಗಿದೆ. ಕಾಂಗೇಯಂ ಕಡೆಯ ಎರಡು ಸ್ಕೂಲುಗಳ ಯೂನಿಫಾರ್ಮು ಸಿಕ್ಕಿದೆ, ಎಣ್ಣೆ ಮಿಲ್ಲಿನವರ ಬ್ಯಾಗುಗಳು ಸಿಕ್ಕಿವೆ. ಹನ್ನೊಂದರಲ್ಲಿ ಎಂಟು ಜನ ಇದ್ದಾರೆ. ಹೊರಗಿನಿಂದ ಬರುವ ಚಿತ್ರ ಯಾರದೆಂದು ಕೇಳದೆ ಸ್ಕ್ರೀನು ಮಾಡುವುದಿಲ್ಲ ಎಂದು ಹೇಳಿದ್ದೇನೆ. ಕೆಲವರು ನಕ್ಕು ಬೇರೆ ಯೂನಿಟ್ಟಿಗೆ ಹೋಗುತ್ತಾರೆ.

ಮೊನ್ನೆ ಒಡಿಶಾದ ಹೆಂಗಸೊಬ್ಬಳು ಪೀಸು ಚೆಕಿಂಗಿಗೆ ಹೊಸದಾಗಿ ಸೇರಿದಳು. ತಮಿಳು ಅರ್ಧ ಬರುತ್ತದೆ. ಹಳೆಯ ರಿಜೆಕ್ಟು ಮೂಟೆ ಬಿಚ್ಚುವಾಗ ಬಣ್ಣ ಸರಿಯಾಗಿ ಕೂರದ ಒಂದು ಪೀಸು ಅವಳ ಕೈಗೆ ಸಿಕ್ಕಿತು. ಹಾಗೇ ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು. “ಇದು ಯಾರು?” ಎಂದು ನನ್ನನ್ನು ಕೇಳಿದಳು.

“ಎಂಗ ಅಮ್ಮಾ” ಎಂದೆ, ನಮ್ಮ ಅಮ್ಮ ಎಂದು.

ಬರೆದದ್ದು ಯಾರು ಎಂದು ಅವಳು ಕೇಳಲಿಲ್ಲ. ನಾನೇ ಹೇಳಿದೆ, ನನ್ನ ತಂಗಿ, ಇಂದುಜಾ ಎಂದು. ಮೆಷಿನ್ನಿನ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ, ಕಿವಿಯ ಹತ್ತಿರ ಕೈ ತಂದು ಏನು ಎಂದಳು. ಮೆಷಿನ್ನು ನಿಲ್ಲಿಸಲು ಹೇಳಿದೆ. ಕೆಲಸದವರು ಏನಾಯಿತೋ ಎಂದು ತಿರುಗಿ ನೋಡಿದರು. ಇನ್ನೊಂದು ಸಲ ನಿನ್ನ ಹೆಸರು ಹೇಳಿದೆ. ಎಲ್ಲರಿಗೂ ಕೇಳಿಸಿತು.

ಅಣ್ಣ
ದಿವಾಕರ್